ಡ್ರೈವರ್ ಅಕ್ಕನ ವಯಸ್ಸು

"ಏಯ್ ಹುಡುಗಿ, ಡ್ರೈವರ್ ಎಲ್ಲಿ?"

ಸ್ಕೂಟರ್ ನಿಲ್ಲಿಸಿದವನು ಹೆಲ್ಮೆಟ್ ಕೂಡ ತೆಗೆಯದೆ ಕೇಳಿದ. ಹಳದಿ ಸ್ಕೂಲ್ ಬಸ್ಸು ರಸ್ತೆಯ ಪಕ್ಕದಲ್ಲಿ ನಿಂತಿತ್ತು. ಮೂವತ್ತೊಂದು ಮಕ್ಕಳು ಫುಟ್‌ಪಾತಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದರು.

"ನಾನೇ," ಎಂದು ಬಸ್ಸಿನ ಅಡಿಯಿಂದ ಒಂದು ತಲೆ ಹೊರಗೆ ಬಂತು. ಕೆನ್ನೆಗೆ ಗ್ರೀಸ್ ಮೆತ್ತಿತ್ತು.

"ನೀನಲ್ಲಮ್ಮ. ಡ್ರೈವರ್, ಡ್ರೈವರ್! ಬಸ್ ಓಡ್ಸೋರು."

"ಬಸ್ ಓಡ್ಸೋಳು ನಾನೇ ಸಾರ್."

ತೆವಳಿಕೊಂಡು ಹೊರಗೆ ಬಂದು ನಿಂತ ಅವಳನ್ನು ಅವನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಬಸ್ಸನ್ನು ನೋಡಿದ. ಆಮೇಲೆ ಮಕ್ಕಳನ್ನು ನೋಡಿ, "ಪಾಪ, ಮಕ್ಕಳು," ಎಂದು ಲೊಚಗುಟ್ಟಿ ಹೊರಟೇಹೋದ. ಸಹಾಯ ಮಾಡಲು ನಿಂತಿದ್ದನೋ, ಲೊಚಗುಟ್ಟಲು ನಿಂತಿದ್ದನೋ, ಯಾರಿಗೂ ತಿಳಿಯಲಿಲ್ಲ.

ಸಾಲಿನ ಕೊನೆಯಲ್ಲಿ ನಿಂತಿದ್ದ ಕಡ್ಡಿ ಮಾತ್ರ ಆ ಕಡೆ ತಿರುಗಿಯೂ ನೋಡಲಿಲ್ಲ. ಎದುರಿನ ಕಾಂಪೌಂಡಿನ ಮೇಲೆ ಕೂತಿದ್ದ ಬೆಕ್ಕನ್ನೇ ನೋಡುತ್ತಿದ್ದಳು. ಕಡ್ಡಿ ಐದನೇ ಕ್ಲಾಸು. ಸಣಕಲಿ, ಅದಕ್ಕೇ ಆ ಹೆಸರು. ಬೆಕ್ಕಿನ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಗ್ರೀಸ್ ಮೆತ್ತಿದ ಆ ಕೆನ್ನೆ ಅವಳ ಅಮ್ಮನದು, ಮತ್ತು ಅದು ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡ ಬಸ್ಸಿನ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಆ ಗಾಳಿ ಎಷ್ಟಿದೆ ಎಂದು ತೋರಿಸಲು ಡ್ರೈವರ್ ಎದುರಿಗೆ ಒಂದು ಮುಳ್ಳು ಇರುತ್ತದೆ. ಆವತ್ತು ಪ್ರತಿ ಸಲ ಬ್ರೇಕ್ ತುಳಿದಾಗಲೂ ಮುಳ್ಳು ಕೆಳಗಿಳಿಯಿತು, ಮತ್ತೆ ಮೇಲೆ ಬರಲಿಲ್ಲ. ಮುಂದೆ ಸಿಗ್ನಲ್ಲಿನವರೆಗೂ ಉದ್ದನೆಯ ಇಳಿಜಾರು. ಅಮ್ಮ ಇಳಿಜಾರು ಶುರುವಾಗುವ ಮೊದಲೇ ಬಸ್ಸು ನಿಲ್ಲಿಸಿ, ಚಕ್ರಗಳಿಗೆ ಮರದ ತುಂಡು ಕೊಟ್ಟು, ದೊಡ್ಡ ಮಕ್ಕಳ ಕೈಗೆ ಚಿಕ್ಕ ಮಕ್ಕಳ ಕೈ ಕೊಟ್ಟು ಎಲ್ಲರನ್ನೂ ಇಳಿಸಿದ್ದಳು. ಸ್ಕೂಲಿಗೂ ಮೆಕ್ಯಾನಿಕ್‌ಗೂ ಫೋನ್ ಮಾಡಿದ್ದಳು.

ಇನ್ನೊಂದು ಬಸ್ಸು ಬರಲು ಐವತ್ತು ನಿಮಿಷ ಹಿಡಿಯಿತು. ಐದನೇ ಕ್ಲಾಸಿನ ಗಣಿತದ ಟೆಸ್ಟು ಅಷ್ಟರಲ್ಲಿ ಮುಗಿದೇ ಹೋಯಿತು.

"ಡ್ರೈವರ್ ಅಕ್ಕಂಗೆ ಜೈ!" ಎಂದು ಕಿರುಚಿದಳು ಕಡ್ಡಿಯ ಪಕ್ಕದಲ್ಲಿದ್ದ ರೇಡಿಯೋ. ಆ ಹುಡುಗಿಯ ಬಾಯಿ ನಿದ್ದೆಯಲ್ಲೂ ನಿಲ್ಲುವುದಿಲ್ಲ ಎಂದು ಅವಳ ಅಮ್ಮನೇ ಹೇಳುತ್ತಿದ್ದರು. "ದಿನಾ ಹಿಂಗೇ ಕೆಟ್ಟುಹೋಗ್ಲಿ ಬಸ್ಸು. ಅಲ್ವೇನೇ ಕಡ್ಡಿ? ನಿಮ್ಮಕ್ಕ ಸೂಪರ್ ಕಣೇ!"

"ಹೂಂ," ಅಂದಳು ಕಡ್ಡಿ ಬೆಕ್ಕಿಗೆ.

ಅಕ್ಕ ಎಂಬ ಸುಳ್ಳು ಹುಟ್ಟಿದ್ದು ಆರು ವಾರದ ಹಿಂದೆ. ಹೊಸ ಸ್ಕೂಲು, ಮೊದಲ ದಿನ. ಕಡ್ಡಿ ಮತ್ತು ಡ್ರೈವರ್ ಒಟ್ಟಿಗೆ ಬಂದದ್ದನ್ನು ನೋಡಿ ರೇಡಿಯೋ ಕೇಳಿದ್ದಳು, "ನಿಮ್ಮಕ್ಕಾನಾ?" ಕಡ್ಡಿಯ ತಲೆ ತಾನಾಗಿ ಆಡಿಬಿಟ್ಟಿತು. ಹಳೆಯ ಸ್ಕೂಲಿನಲ್ಲಿ ನಿಜ ಹೇಳಿ ಅವಳಿಗೆ ಸಾಕಾಗಿತ್ತು. "ಇವರು ನಿಮ್ಮಮ್ಮಾನಾ? ನಿಜವಾದ ಅಮ್ಮ? ಹೆತ್ತಮ್ಮ?" ಎಂದು ಕೇಳುವವರಿಗೆ ಉತ್ತರ ಕೊಟ್ಟರೂ ಅವರು ಅಲ್ಲಿಂದ ಹೋಗುತ್ತಿರಲಿಲ್ಲ. ನಿಂತು ಇನ್ನೊಂದಿಷ್ಟು ನೋಡುತ್ತಿದ್ದರು.

ಆ ಸಂಜೆ ಕಡ್ಡಿ ವಿಷಯ ತಿಳಿಸಿದಾಗ ಬಟ್ಟೆ ಮಡಿಸುತ್ತಿದ್ದ ಅಮ್ಮನ ಕೈ ಒಂದು ಗಳಿಗೆ ನಿಂತಿತ್ತು. ಆಮೇಲೆ, "ಆಯ್ತು. ಬಸ್ಸಲ್ಲಿ ಮಾತ್ರ. ಮನೇಲಿ ಅಕ್ಕ ಅಂದ್ರೆ ಊಟ ಇಲ್ಲ," ಎಂದಿದ್ದಳು.

ಬಸ್ಸು ಕೆಟ್ಟ ಎರಡು ದಿನಕ್ಕೆ ರೇಡಿಯೋ ಸುದ್ದಿ ತಂದಳು.

"ನಮ್ಮಮ್ಮ ಲೆಟರ್ ಬರೆದಿದ್ದಾರೆ ಕಣೇ. ಹೆಡ್ ಮಿಸ್‌ಗೆ. ಇಪ್ಪತ್ತೆರಡು ಜನ ಸೈನ್ ಹಾಕಿದ್ದಾರೆ."

"ಏನಂತ?"

ರೇಡಿಯೋ ಗಂಟಲು ಸರಿಮಾಡಿಕೊಂಡು ಅಮ್ಮನ ದನಿಯಲ್ಲೇ ಹೇಳಿದಳು. "'ಹಾಲುಗಲ್ಲದ ಹುಡುಗಿಯ ಕೈಗೆ ನಮ್ಮ ಮಕ್ಕಳ ಪ್ರಾಣ ಕೊಡಲು ನಾವು ಸಿದ್ಧರಿಲ್ಲ.' ಹಾಲುಗಲ್ಲ ಅಂದ್ರೆ ಏನೇ?"

"ಗ್ರೀಸ್ ಮೆತ್ತಿರದ ಗಲ್ಲ," ಎಂದು ಕಡ್ಡಿ ಮುಖ ತಿರುಗಿಸಿಕೊಂಡಳು.

ರೇಡಿಯೋಳ ಅಮ್ಮ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದರು. ಹಾಗಾಗಿ ಎಲ್ಲರಿಗೂ ಅವರು ಟ್ಯೂಷನ್ ಆಂಟಿ. ತಪ್ಪು ಕಂಡರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು ಅವರ ಕೆಲಸ. ಈಗೀಗ ಪೆನ್ನಿಲ್ಲದೆಯೂ ಹಾಕುತ್ತಿದ್ದರು.

ಮನೆಗೆ ಬಂದು ಕಡ್ಡಿ ಹೇಳಿದಾಗ ಅಮ್ಮ ಉಗುರಿನ ಸಂದಿಯ ಗ್ರೀಸನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜುತ್ತಿದ್ದಳು.

"ಗೊತ್ತು. ಶನಿವಾರ ಮೀಟಿಂಗ್ ಅಂತೆ."

"ಕೆಲಸ ಹೋಗುತ್ತಾ?"

"ಹೋದ್ರೂ ಹೋಗಬಹುದು."

"ಆಗ ನನ್ನ ಸ್ಕೂಲು?"

ಅಮ್ಮ ಬ್ರಷ್ಷನ್ನು ತೊಳೆದಿಟ್ಟಳು. ಅವಳು ಅಲ್ಲಿ ಡ್ರೈವರ್ ಆಗಿದ್ದಕ್ಕೇ ಕಡ್ಡಿಗೆ ಆ ಸ್ಕೂಲಿನಲ್ಲಿ ಸೀಟು ಸಿಕ್ಕಿದ್ದು. ಅಪ್ಪ, ಕಡ್ಡಿ ತೊಟ್ಟಿಲಲ್ಲಿದ್ದಾಗಲೇ ತನ್ನ ದಾರಿ ತಾನು ಹಿಡಿದಿದ್ದ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಆ ಒಂದೂವರೆ ರೂಮಿನ ಮನೆಯಲ್ಲಿ ಇದ್ದದ್ದು ಅವರಿಬ್ಬರೇ.

ಕಡ್ಡಿ ಸುಮ್ಮನೆ ಕೂರುವ ಪೈಕಿಯಲ್ಲ. ಕೆಳಗಿನ ಅಂಗಡಿಗೆ ಓಡಿ, ಇಸ್ತ್ರಿ ಅಜ್ಜಿಯ ದಪ್ಪ ಗಾಜಿನ ಕನ್ನಡಕವನ್ನು ಕೇಳಿ ತಂದಳು. "ಇದನ್ನ ಹಾಕ್ಕೋ. ಕೂದಲನ್ನ ಗಂಟು ಕಟ್ಕೋ. ನಲವತ್ತು ವರ್ಷ ಆದೋರ ಥರ ಕಾಣ್ತೀಯ. ಮಾತಾಡೋವಾಗ ಮಧ್ಯ ಮಧ್ಯ ಸ್ವಲ್ಪ ಕೆಮ್ಮು."

ಅಮ್ಮ ಗಂಟು ಕಟ್ಟಿದಳು. ಕನ್ನಡಕ ಹಾಕಿದಳು. ಗಂಭೀರವಾಗಿ ಒಂದು ಸಲ ಕೆಮ್ಮಿದಳು. ಎರಡು ಹೆಜ್ಜೆ ನಡೆದು ನೇರವಾಗಿ ಬಾಗಿಲಿಗೆ ಹಣೆ ಗುದ್ದಿಕೊಂಡಳು.

"ಇದನ್ನ ಹಾಕ್ಕೊಂಡು ಬಸ್ ಓಡ್ಸಿದ್ರೆ ನನ್ನ ಮೇಲೆ ನಾನೇ ಲೆಟರ್ ಬರೀಬೇಕಾಗುತ್ತೆ," ಎಂದು ಹಣೆ ಉಜ್ಜಿಕೊಂಡಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ನಗು ನಿಂತ ಮೇಲೆ ಅಮ್ಮ ಕನ್ನಡಕ ಮಡಿಸುತ್ತಾ, "ಶನಿವಾರ ನೀನು ಬರ್ಬೇಡ. ಇಸ್ತ್ರಿ ಅಜ್ಜಿ ಹತ್ರ ಇರು," ಅಂದಳು.

"ಯಾಕೆ?"

"ಅಕ್ಕನ ಮೀಟಿಂಗ್‌ನಲ್ಲಿ ತಂಗಿಗೇನು ಕೆಲಸ?"

ಅಮ್ಮ ಅದನ್ನು ಹಗುರಾಗಿಯೇ ಹೇಳಿದಳು. ಕಡ್ಡಿ ಅವಳ ಕೈಯಿಂದ ಕನ್ನಡಕ ತೆಗೆದುಕೊಂಡು, ವಾಪಸ್ ಕೊಡಲು ಕೆಳಗಿನ ಅಂಗಡಿಗೆ ಇಳಿದುಹೋದಳು.

ಶನಿವಾರ ಅವಳು ಹೋದಳು. ಅಮ್ಮ ಹೊರಟ ಹತ್ತು ನಿಮಿಷಕ್ಕೆ ಇಸ್ತ್ರಿ ಅಜ್ಜಿಗೆ ಹೇಳಿ, ಬೇರೆ ಬೀದಿ ಬಳಸಿಕೊಂಡು ಹೋಗಿ, ಸ್ಕೂಲ್ ಹಾಲಿನ ಕೊನೆಯ ಬೆಂಚಿನಲ್ಲಿ ಕೂತಳು. ರೇಡಿಯೋ ಆಗಲೇ ಅಲ್ಲಿದ್ದಳು. ಜಗಳ ಇದ್ದಲ್ಲಿ ಅವಳು ಇಲ್ಲದಿರುವುದುಂಟೇ!

ಎದುರಿಗೆ ಹೆಡ್ ಮಿಸ್. ಅವರ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಅಮ್ಮ. ಮುಂದಿನ ಸಾಲಿನಲ್ಲಿ ಟ್ಯೂಷನ್ ಆಂಟಿ ಮತ್ತು ಹಲ್ಲಿನ ಡಾಕ್ಟರ್. ಡಾಕ್ಟರಿಗೆ ಬಾಯಿ ತೆರೆದವರ ಎದುರು ಒಬ್ಬರೇ ಮಾತಾಡಿ ಅಭ್ಯಾಸ. ಹಾಗಾಗಿ ಯಾರಾದರೂ ತಿರುಗಿ ಉತ್ತರ ಕೊಟ್ಟರೆ ಅವರಿಗೆ ಆಶ್ಚರ್ಯವಾಗುತ್ತಿತ್ತು.

ಹೆಡ್ ಮಿಸ್ ಕಾಗದ ಓದಿದರು. "ಮೆಕ್ಯಾನಿಕ್ ಬರೆದುಕೊಟ್ಟಿದ್ದಾರೆ. ಗಾಳಿಯ ಪೈಪು ಸೀಳಿತ್ತಂತೆ. ಇಳಿಜಾರಿನಲ್ಲಿ ಹೋಗಿದ್ದರೆ ಬ್ರೇಕ್ ಕೈ ಕೊಡುತ್ತಿತ್ತು. ನಿಲ್ಲಿಸಿದ್ದು ಸರಿಯಾಯಿತು ಎಂದಿದ್ದಾರೆ."

"ಅದನ್ನ ಮೊದಲೇ ನೋಡ್ಕೋಬೇಕಿತ್ತು," ಎಂದರು ಟ್ಯೂಷನ್ ಆಂಟಿ. "ಅನುಭವ ಇರೋರಾಗಿದ್ರೆ ಗಾಳಿ ಸೋರೋದನ್ನ ವಾಸನೆಯಲ್ಲೇ ಕಂಡುಹಿಡೀತಿದ್ರು."

"ಗಾಳಿಗೆ ವಾಸನೆ ಇರುತ್ತೇನೇ?" ಎಂದು ರೇಡಿಯೋ ಕಡ್ಡಿಯ ಕಿವಿಯಲ್ಲಿ ಕೇಳಿದಳು.

"ಹಳೇ ಡ್ರೈವರ್ ಇದ್ದಾಗ ಒಂದೇ ಒಂದು ದಿನ ಬಸ್ಸು ನಿಂತಿರಲಿಲ್ಲ ಮೇಡಂ," ಎಂದು ಟ್ಯೂಷನ್ ಆಂಟಿ ಮುಂದುವರಿಸಿದರು. "ಎಂಥಾ ಮನುಷ್ಯ! ಎಂಥಾ ಮೀಸೆ! ನೋಡಿದ್ರೇ ಧೈರ್ಯ ಬರ್ತಿತ್ತು."

ಡಾಕ್ಟರ್ ತಲೆದೂಗಿದರು. "ಈ ಹುಡುಗಿಗೆ ಇನ್ನೂ ಬುದ್ಧಿಹಲ್ಲೇ ಬಂದಿರ್ಲಿಕ್ಕಿಲ್ಲ."

ನಾಲ್ಕೈದು ಜನ ನಕ್ಕರು.

"ಆರು ವರ್ಷದ ಅನುಭವ ಇದೆ," ಎಂದರು ಹೆಡ್ ಮಿಸ್. "ನಾಲ್ಕು ವರ್ಷ ಸರಕಿನ ಲಾರಿ, ಎರಡು ವರ್ಷ ಸಿಟಿ ಬಸ್ಸು."

"ಪೇಪರ್ ಮೇಲೆ ಎಲ್ಲಾ ಇರುತ್ತೆ ಬಿಡಿ," ಅಂದರು ಡಾಕ್ಟರ್.

ಅಮ್ಮ ಎದ್ದು ನಿಂತಳು. ಕೆಮ್ಮಲಿಲ್ಲ. "ಸಾರ್, ನನ್ನ ವಯಸ್ಸು ಇಪ್ಪತ್ತೆಂಟು. ಆ ಬಸ್ಸಿನ ವಯಸ್ಸು ಹದಿನೇಳು. ಪೈಪ್ ಸೀಳಿದ್ದು ಬಸ್ಸಿಂದು, ನಂದಲ್ಲ. ಬಸ್ಸಿನ ವಯಸ್ಸು ಇಲ್ಲಿ ಯಾರೂ ಕೇಳಲೇ ಇಲ್ಲ."

ಹೆಡ್ ಮಿಸ್ ತುಟಿ ಬಿಗಿಹಿಡಿದು ಕಾಗದ ನೋಡಿದರು. ಹಿಂದಿನ ಸಾಲಿನ ಯಾರೋ ಫಕ್ಕನೆ ನಕ್ಕು ಅದನ್ನು ಸೀನಾಗಿ ಬದಲಾಯಿಸಿದರು.

ಟ್ಯೂಷನ್ ಆಂಟಿಗೆ ಕೋಪ ಬಂತು. "ಮಾತು ಚೆನ್ನಾಗಿ ಕಲ್ತಿದ್ದೀಯಮ್ಮ. ಆದ್ರೆ ಮಕ್ಕಳು ಅಂದ್ರೆ ಏನು ಅಂತ ನಿಂಗೇನು ಗೊತ್ತು? ಒಂದು ಮಗೂನ ಹೆತ್ತು ಸಾಕಿ ನೋಡು. ಜ್ವರ ಬಂದಾಗ ಪಕ್ಕದಲ್ಲಿ ಕೂತು ನೋಡು. ಆಮೇಲೆ ಗೊತ್ತಾಗುತ್ತೆ ನಮ್ಮ ಹೊಟ್ಟೆಯ ಸಂಕಟ."

ಅಮ್ಮನ ಹತ್ತಿರ ಉತ್ತರ ಇತ್ತು. ಒಂದೇ ಮಾತು ಸಾಕಾಗಿತ್ತು. ಆದರೂ ಬಾಯಿ ಮುಚ್ಚಿ ನಿಂತಳು. ಯಾಕೆಂದು ಆ ಹಾಲಿನಲ್ಲಿ ಕಡ್ಡಿಯೊಬ್ಬಳಿಗೇ ಗೊತ್ತಿತ್ತು.

ಹೋದ ವರ್ಷ ಕಡ್ಡಿಗೆ ಜ್ವರ ಬಂದಾಗ ಅಮ್ಮ ಮೂರು ದಿನ ನೆಲದ ಮೇಲೆ, ಮಂಚಕ್ಕೆ ತಲೆ ಆನಿಸಿಕೊಂಡೇ ಕೂತಿದ್ದಳು.

"ಸಾಕಿದ್ದಾಳೆ!"

ದನಿ ತನ್ನದೇ ಎಂದು ಕಡ್ಡಿಗೆ ಗೊತ್ತಾಗುವಷ್ಟರಲ್ಲಿ ಅವಳು ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. "ನನ್ನ ಸಾಕಿದ್ದಾಳೆ. ಅವಳು ನಮ್ಮಮ್ಮ. ಅಕ್ಕ ಅಲ್ಲ. ಅಕ್ಕ ಅಂತ ಸುಳ್ಳು ಹೇಳಿದ್ದು ನಾನು."

ಎಲ್ಲ ತಲೆಗಳೂ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಕಡ್ಡಿ ಕಾದಳು. ಈಗ ಟ್ಯೂಷನ್ ಆಂಟಿ ತಪ್ಪಾಯಿತು ಎನ್ನುತ್ತಾರೆ. ಡಾಕ್ಟರ್ ತಲೆ ತಗ್ಗಿಸುತ್ತಾರೆ. ಒಬ್ಬರಾದರೂ ಚಪ್ಪಾಳೆ ತಟ್ಟುತ್ತಾರೆ.

ಡಾಕ್ಟರ್ ಬೆರಳು ಮಡಿಸತೊಡಗಿದರು. ಇಪ್ಪತ್ತೆಂಟರಲ್ಲಿ ಕಡ್ಡಿಯ ಹತ್ತು ವರ್ಷ ಕಳೆಯುವ ಲೆಕ್ಕ. ಎರಡನೇ ಕ್ಲಾಸಿನವರು ಬಾಯಿಲೆಕ್ಕದಲ್ಲೇ ಮಾಡುತ್ತಾರೆ. ಅವರಿಗೆ ಎರಡು ಕೈಯೂ ಬೇಕಾಯಿತು.

"ಹದಿನೆಂಟಾ?" ಎಂದರು ಕೊನೆಗೆ. "ಛೆ ಛೆ."

"ಇಷ್ಟು ದೊಡ್ಡ ಮಗಳಾ!" ಎಂದು ಟ್ಯೂಷನ್ ಆಂಟಿ ಎದೆ ಮೇಲೆ ಕೈಯಿಟ್ಟುಕೊಂಡರು. "ಓದೋ ವಯಸ್ಸಲ್ಲಿ ಮಗು! ತನ್ನ ಬದುಕಿನ ಬಗ್ಗೆಯೇ ಯೋಚನೆ ಇಲ್ಲದೋರು ಬಸ್ಸಿನ ಬಗ್ಗೆ ಏನು ಯೋಚನೆ ಮಾಡ್ತಾರೆ? ಅಷ್ಟಲ್ಲದೆ, ಮಗು ಇರೋ ತಾಯಿ ಮನೇಲಿ ಮಗು ನೋಡ್ಕೊಳ್ಳೋದು ಬಿಟ್ಟು ಲಾರಿ ಓಡಿಸ್ತಿದ್ಲಂತೆ!"

ಕಡ್ಡಿ ಬೆಂಚಿನ ಮೇಲೆ ನಿಂತೇ ಇದ್ದಳು. ಎರಡು ನಿಮಿಷದ ಹಿಂದೆ ಮಗು ಇಲ್ಲದ್ದು ಅಮ್ಮನ ತಪ್ಪಾಗಿತ್ತು. ಈಗ ಮಗು ಇರುವುದೇ ತಪ್ಪು. ಅದೇ ಬಾಯಿ. ನಡುವೆ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ.

ರೇಡಿಯೋ ಅವಳ ಫ್ರಾಕು ಹಿಡಿದೆಳೆದು ಕೂರಿಸಿದಳು. "ಸುಳ್ಳುಬುರುಕಿ!"

"ಹೂಂ," ಅಂದಳು ಕಡ್ಡಿ.

"ಬಸ್ ಓಡ್ಸೋ ಅಮ್ಮ ಇದ್ರೆ ಯಾರಾದ್ರೂ ಮುಚ್ಚಿಡ್ತಾರೇನೇ? ನಾನಾಗಿದ್ರೆ ಬೋರ್ಡ್ ಹಾಕಿಸ್ತಿದ್ದೆ. ಹುಚ್ಚಿ!"

ಮುಂದೆ ಇನ್ನೊಂದು ತಾಸು ಮಾತು ನಡೆಯಿತು. ಕಡೆಗೆ ಹೆಡ್ ಮಿಸ್ ಮೇಜು ತಟ್ಟಿದರು. "ಡ್ರೈವರ್ ಇವರೇ. ಬಸ್ಸನ್ನು ಪೂರ್ತಿ ಚೆಕ್ ಮಾಡಿಸ್ತೀವಿ." ಡಾಕ್ಟರ್ ಅಷ್ಟಕ್ಕೆ ಬಿಡಲಿಲ್ಲ. ಹಿರಿಯರು ಒಬ್ಬರು ಪಕ್ಕದಲ್ಲಿ ಕೂತು ಒಂದು ತಿಂಗಳು ಮೇಲ್ವಿಚಾರಣೆ ಮಾಡಬೇಕು ಎಂದು ಹಟ ಹಿಡಿದರು. ಹಳೇ ಡ್ರೈವರನ್ನೇ ಕರೆಸಬೇಕು ಎಂದರು ಟ್ಯೂಷನ್ ಆಂಟಿ. ಅದೂ ಆಯಿತು.

ಮನೆಗೆ ನಡೆದು ಹೋಗುವಾಗ ಅಮ್ಮ ಕೇಳಿದಳು, "ಯಾಕೆ ಹಂಗೆ ಕೂಗಿದೆ?"

"ಹೇಳಿದ್ರೆ ಎಲ್ಲಾ ಸರಿಹೋಗುತ್ತೆ ಅನ್ಕೊಂಡೆ."

"ಹೋಯ್ತಾ?"

"ಇಲ್ಲ. ಇನ್ನೂ ಜಾಸ್ತಿ ಬೈದ್ರು."

"ಮೊದಲು ಒಂದು ಬೈಗುಳ ಇತ್ತು, ಈಗ ಎರಡಾಯ್ತು ಅಷ್ಟೆ." ಅಮ್ಮ ರಸ್ತೆ ದಾಟಲು ಕಡ್ಡಿಯ ಕೈ ಹಿಡಿದಳು. ದಾಟಿದ ಮೇಲೂ ಬಿಡಲಿಲ್ಲ. "ನೀನು ಕೂಗಿದಾಗ ನಾನು ಹೆದರಿಬಿಟ್ಟೆ ಗೊತ್ತಾ? ಲಾರಿ ಪರೀಕ್ಷೆಯಲ್ಲೂ ಹಂಗೆ ಹೆದರಿರಲಿಲ್ಲ."

ಸೋಮವಾರ ಬೆಳಿಗ್ಗೆ ಬಸ್ ನಿಲ್ಲಿಸುವ ಶೆಡ್ಡಿಗೆ ಹಳೇ ಡ್ರೈವರ್ ಮೀಸೆ ತಾತ ಬಂದರು. ಮೀಸೆ ದೊಡ್ಡದೇ. ಮನುಷ್ಯ ಮಾತ್ರ ಅದರ ಹಿಂದೆ ಸಣ್ಣಗೆ ಕಾಣುತ್ತಿದ್ದರು. ಕಂಕುಳಲ್ಲಿ ಒಂದು ಪುಟ್ಟ ದಿಂಬು.

"ನೀನು ಬಸ್ ಓಡ್ಸಮ್ಮ," ಎಂದರು ಅಮ್ಮನಿಗೆ. "ನಾನು ಹಿರಿತನ ನೋಡ್ಕೋತೀನಿ."

ಅಮ್ಮ ನಗುತ್ತಾ ಟೈರು ನೋಡಲು ಹೋದಳು. ಕಡ್ಡಿ ತಾತನ ಹತ್ತಿರ ಬಂದಳು.

"ತಾತ, ನೀವಿದ್ದಾಗ ಬಸ್ಸು ಒಂದಿನಾನೂ ನಿಂತಿರಲಿಲ್ಲವಂತೆ?"

"ಯಾರಮ್ಮ ಹೇಳಿದ್ದು? ವರ್ಷಕ್ಕೆ ನಾಲ್ಕು ಸಲ ನಿಲ್ತಿತ್ತು. ಒಂದ್ಸಲ ಮಕ್ಕಳೇ ಇಳಿದು ತಳ್ಳಿದ್ರು."

"ಟ್ಯೂಷನ್ ಆಂಟಿ ಹೇಳಿದ್ರು. ನಿಮ್ಮನ್ನ ನೋಡಿದ್ರೆ ಧೈರ್ಯ ಬರುತ್ತಂತೆ."

ಮೀಸೆ ತಾತ ನಕ್ಕು ನಕ್ಕು ಬಸ್ಸಿನ ಬಾಗಿಲು ಹಿಡಿದುಕೊಂಡರು. "ಹೋದ ವರ್ಷ ನನ್ನ ಮೇಲೆ ಲೆಟರ್ ಬರೆದಿದ್ದೇ ಆಯಮ್ಮ! ಈ ಮುದುಕನಿಗೆ ಕಣ್ಣು ಕಾಣಲ್ಲ, ಕಿವಿ ಕೇಳಲ್ಲ, ವಯಸ್ಸಾಯ್ತು, ಮನೆಗೆ ಕಳ್ಸಿ ಅಂತ. ಆಗಲೂ ಇಪ್ಪತ್ತು ಚಿಲ್ಲರೆ ಸೈನ್ ಇತ್ತು. ಹಲ್ಲಿನ ಡಾಕ್ಟ್ರದ್ದೇ ಮೊದಲನೇದು."

ಕಡ್ಡಿ ಕಣ್ಣು ಪಿಳಿಪಿಳಿ ಬಿಟ್ಟಳು. "ನಿಮಗೆ ವಯಸ್ಸು ಜಾಸ್ತಿ ಆಗಿತ್ತು. ನಮ್ಮಮ್ಮಂಗೆ ಸಾಲದು. ಹಂಗಾದ್ರೆ ಸರಿಯಾದ ವಯಸ್ಸು ಎಷ್ಟು ತಾತ?"

ತಾತ ಮೀಸೆಯ ತುದಿ ಹಿಡಿದುಕೊಂಡು ಯೋಚಿಸಿದರು. "ನಾನು ಅದನ್ನ ದಾಟ್ಕೊಂಡೇ ಬಂದಿರ್ಬೇಕು ಕಣಮ್ಮ. ಯಾವಾಗ ದಾಟಿದೆ ಅಂತ ಯಾರೂ ಹೇಳಲಿಲ್ಲ."

ಬಸ್ಸು ಹೊರಟಿತು. ಮೊದಲ ತಿರುವಿಗೇ ತಾತ ದಿಂಬಿಗೆ ಒರಗಿ ನಿದ್ದೆ ಹೋದರು. ಗೊರಕೆಗೆ ತಕ್ಕಂತೆ ಮೀಸೆ ಏರಿಳಿಯುತ್ತಿತ್ತು. ಮೂರನೇ ಸ್ಟಾಪಿನಲ್ಲಿ ರೇಡಿಯೋ ಹತ್ತಿದಳು, ಹತ್ತುವಾಗಲೇ ಏನೋ ಹೇಳುತ್ತಿದ್ದಳು. ಅವಳ ಹಿಂದೆ ಟ್ಯೂಷನ್ ಆಂಟಿ ಬಾಗಿಲಲ್ಲಿ ಕತ್ತು ಚಾಚಿ ಮುಂದಿನ ಸೀಟನ್ನು ನೋಡಿದರು. ತಾತನ ಮುಖ ಆಚೆ ತಿರುಗಿತ್ತು. ಮೀಸೆಯ ಒಂದು ಕಡೆ ಮಾತ್ರ ಕಾಣುತ್ತಿತ್ತು.

"ಹಾಂ," ಎಂದರು ಟ್ಯೂಷನ್ ಆಂಟಿ ಪಕ್ಕದಲ್ಲಿದ್ದವರಿಗೆ, ಎಲ್ಲರಿಗೂ ಕೇಳುವ ಹಾಗೆ. "ಈಗ ಧೈರ್ಯ."

ಕಡ್ಡಿಗೆ ನಗು ಉಕ್ಕಿತು. ಹೋದ ವಾರವಾಗಿದ್ದರೆ ಆಂಟಿಯ ದನಿ ಕೇಳಿದೊಡನೆ ಸೀಟಿನ ಕೆಳಗೆ ಮುದುಡಿ ಕೂರುತ್ತಿದ್ದಳು. ಈಗ ನಗು ಹಂಚಿಕೊಳ್ಳಲು ಅಮ್ಮನ ಕಡೆ ತಿರುಗಿದಳು.

ಅಮ್ಮ ಆಂಟಿಯನ್ನು ನೋಡುತ್ತಿರಲಿಲ್ಲ. ಯುಕೆಜಿಯ ಒಬ್ಬ ಪುಟಾಣಿ ಇನ್ನೂ ಮೆಟ್ಟಿಲ ಮೇಲಿದ್ದ. ಅವನ ಬ್ಯಾಗಿನ ಪಟ್ಟಿ ಬಾಗಿಲ ಹಿಡಿಗೆ ಸಿಕ್ಕಿಕೊಂಡಿತ್ತು. ಅವನು ಅದನ್ನು ಬಿಡಿಸಿಕೊಂಡು, ಒಳಗೆ ಬಂದು, ಸೀಟಿನಲ್ಲಿ ಕೂತು, ಕಾಲು ಒಳಗೆಳೆದುಕೊಳ್ಳುವವರೆಗೂ ಅಮ್ಮ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು. ಆಮೇಲೆ ಎಡಗಡೆ ಕನ್ನಡಿ. ಆಮೇಲೆ ಬಲಗಡೆ. ಆಂಟಿ ಹೇಳಿದ್ದು ಅವಳಿಗೆ ಕೇಳಿಸಿತ್ತೋ ಇಲ್ಲವೋ.

ಕಡ್ಡಿ ಎದ್ದು ಹೋಗಿ ಅಮ್ಮನ ಹಿಂದಿನ ಸೀಟಿನಲ್ಲಿ ಕೂತಳು. ಅಲ್ಲಿಂದ ಮುಂದಿನ ಗಾಜಿನಲ್ಲಿ ಇಡೀ ರಸ್ತೆ ಕಾಣುತ್ತಿತ್ತು. ಅವಳೂ ರಸ್ತೆ ನೋಡತೊಡಗಿದಳು.